ಎದುರು ಗೋಡೆಯ ಬೆಳಕು

ಪೇಟೆಯ ಬೀದಿಗಳಲ್ಲಿ ಕ್ಯಾಮೆರಾ ಹಿಡಿದು ನಡೆಯುವ ಗೆಳೆಯ ಗೆಳತಿಯರಿಗೊಂದು ಬಹಿರಂಗ ಪತ್ರ



ಬೆಂಗಳೂರಿನ ಪೇಟೆಯಲ್ಲಿ, ಕೆ.ಆರ್. ಮಾರುಕಟ್ಟೆಯಲ್ಲಿ, ಚರ್ಚ್ ಸ್ಟ್ರೀಟಿನಲ್ಲಿ ಬೆಳ್ಳಂಬೆಳಿಗ್ಗೆ ಗುಂಪು ಕಟ್ಟಿಕೊಂಡು ಫೋಟೋ ತೆಗೆಯಲು ಬರುವ ನಿಮ್ಮನ್ನು ಕಂಡರೆ ನನಗೆ ಅಭಿಮಾನ. ರಜೆಯ ದಿನದ ನಿದ್ದೆ ಬಿಟ್ಟು, ಕೊಚ್ಚೆ ದಾಟಿ, ಹಮಾಲಿಗಳ ಗಾಡಿಗೆ ದಾರಿ ಬಿಟ್ಟುಕೊಡುತ್ತಾ ಊರನ್ನು ಇಷ್ಟು ಹತ್ತಿರದಿಂದ ನೋಡುವವರು ಹೆಚ್ಚು ಮಂದಿಯಿಲ್ಲ. ಆ ಸಲಿಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಈಚೆಗೆ ನಿಮ್ಮ ಪ್ರದರ್ಶನಗಳಲ್ಲೂ ಇನ್‌ಸ್ಟಾಗ್ರಾಂ ಪುಟಗಳಲ್ಲೂ ಒಂದೇ ಬಗೆಯ ಚಿತ್ರ ಮತ್ತೆ ಮತ್ತೆ ಎದುರಾಗುತ್ತಿದೆ. ಚೌಕಟ್ಟಿನ ಮುಕ್ಕಾಲು ಪಾಲು ಕಡುಗಪ್ಪು. ಎಲ್ಲೋ ಒಂದು ಮೂಲೆಯಲ್ಲಿ ಬಿಸಿಲಿನ ತುಂಡು. ಅದರೊಳಗೆ ಹಾದುಹೋಗುವ ಒಬ್ಬ ಮನುಷ್ಯನ ಕಪ್ಪು ಆಕಾರ. ನೋಡಲು ಚೆಂದವೇ. ತಾಳ್ಮೆಯಿಂದ ಕಾದು ತೆಗೆದಿದ್ದೀರಿ ಎಂಬುದೂ ಗೊತ್ತಾಗುತ್ತದೆ. ಆದರೆ ಆ ಮನುಷ್ಯ ಯಾರು? ಮೂಟೆ ಹೊತ್ತವನಿಗೆ ಇಪ್ಪತ್ತೋ ಅರವತ್ತೋ? ದಣಿದಿದ್ದನೋ, ಯಾರನ್ನೋ ನೋಡಿ ನಗುತ್ತಿದ್ದನೋ? ಹೂವಿನ ಬುಟ್ಟಿ ಹೊತ್ತಾಕೆಯ ಕಣ್ಣು ಯಾರನ್ನು ಹುಡುಕುತ್ತಿತ್ತು? ಒಂದೂ ತಿಳಿಯುವುದಿಲ್ಲ. ಆ ಚಿತ್ರ ಅವೆನ್ಯೂ ರಸ್ತೆಯದೋ ಇಸ್ತಾಂಬುಲಿನ ಯಾವುದೋ ಓಣಿಯದೋ ಹೇಳುವುದೇ ಕಷ್ಟ.

ನಾನು ಕೇಳಿಕೊಳ್ಳುವುದು ಇಷ್ಟೆ. ನೇರ ಬಿಸಿಲಿನ ಬೆನ್ನು ಹತ್ತುವುದನ್ನು ಸ್ವಲ್ಪ ಕಾಲ ಬಿಡಿ. ಅದು ಗೋಡೆಗೋ ಗಾಜಿಗೋ ನೆಲಕ್ಕೋ ಪಾತ್ರೆಗೋ ತಾಗಿ ಹಿಂದಿರುಗುತ್ತದಲ್ಲ, ಆ ಬೆಳಕಿನತ್ತ ನೋಡಿ. ನಮ್ಮ ಬೀದಿಯ ಜನರ ಮುಖ ಸರಿಯಾಗಿ ಕಾಣುವುದು ಆ ಬೆಳಕಿನಲ್ಲಿ.

ಪೇಟೆಯ ಎರಡು ಹಳೆಯ ಬೀದಿಗಳನ್ನೇ ತೆಗೆದುಕೊಳ್ಳಿ. ಕೆಂಪೇಗೌಡರ ಕಾಲದ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿದೆ. ಚಿಕ್ಕಪೇಟೆ ಪೂರ್ವ ಪಶ್ಚಿಮವಾಗಿದೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅವೆನ್ಯೂ ರಸ್ತೆಯಲ್ಲಿ ಬಿಸಿಲು ಬೀಳುವುದು ಪಶ್ಚಿಮದ ಸಾಲಿನ ಕಟ್ಟಡಗಳ ಮೇಲೆ. ನಿಮ್ಮಲ್ಲಿ ಹೆಚ್ಚಿನವರ ಕ್ಯಾಮೆರಾ ಆಗ ಅತ್ತಲೇ ತಿರುಗುತ್ತದೆ. ಒಮ್ಮೆ ಹಿಂತಿರುಗಿ ಪೂರ್ವದ ಸಾಲನ್ನು ನೋಡಿ. ಅಲ್ಲಿನ ಅಂಗಡಿ ಕಟ್ಟೆಗಳ ಮೇಲೆ ಬಿಸಿಲಿಲ್ಲ, ನಿಜ. ಆದರೆ ಎದುರು ಗೋಡೆಯಿಂದ ಮರಳಿ ಬಂದ ಬೆಳಕು ಅಲ್ಲಿ ಕೂತವರ ಹಣೆ, ಕೆನ್ನೆಯ ಏಣು, ಮೂಗಿನ ಒಂದು ಪಕ್ಕ ಎಲ್ಲವನ್ನೂ ಹದವಾಗಿ ಬೆಳಗುತ್ತಿರುತ್ತದೆ. ಕಣ್ಣಿನ ಪಾಪೆಯಲ್ಲಿ ಎದುರಿನ ಗೋಡೆಯೇ ಒಂದು ಸಣ್ಣ ಬಿಳಿ ಚೌಕವಾಗಿ ಹೊಳೆಯುತ್ತಿರುತ್ತದೆ. ಸಂಜೆಗೆ ಇದೆಲ್ಲ ತಿರುಗುಮುರುಗಾಗುತ್ತದೆ.

ಚಿಕ್ಕಪೇಟೆಯ ಲೆಕ್ಕ ಬೇರೆ. ಅಲ್ಲಿ ಗಡಿಯಾರಕ್ಕಿಂತ ಪಂಚಾಂಗ ಮುಖ್ಯ. ಡಿಸೆಂಬರಿನಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಉತ್ತರದ ಸಾಲಿನ ಅಂಗಡಿಗಳ ಮುಖಕ್ಕೆ ಬಿಸಿಲು, ದಕ್ಷಿಣದ ಸಾಲಿನವರಿಗೆ ಮರುಬೆಳಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಜೂನಿನಲ್ಲಿ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಆಗ ಬಿಸಿಲು ದಕ್ಷಿಣದ ಸಾಲಿನದು, ಮರುಬೆಳಕು ಉತ್ತರದವರದು. ಡಿಸೆಂಬರಿನಲ್ಲಿ ನಿಮಗೆ ಚೆಂದದ ಚಿತ್ರ ಕೊಟ್ಟ ಅಂಗಡಿ ಮೂಲೆ ಜೂನಿನಲ್ಲಿ ಸಪ್ಪೆಯಾಗಿ ಕಂಡರೆ ಕಾರಣ ಇದೇ.

ಗೋಡೆಯ ಬೆಳಕು ಯಾಕೆ ಅಷ್ಟು ಮೃದು? ಸೂರ್ಯ ಎಷ್ಟೇ ದೊಡ್ಡವನಾದರೂ ಇಲ್ಲಿಂದ ನೋಡಿದರೆ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲ ಮಾತ್ರ. ಬೆಳಕಿನ ಮೂಲ ಅಷ್ಟು ಚಿಕ್ಕದಾದ್ದರಿಂದ ನೆರಳಿನ ಅಂಚು ಚೂಪಾಗಿರುತ್ತದೆ. ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ಗುಂಡಿಗಳಾಗುತ್ತವೆ. ಇಪ್ಪತ್ತು ಅಡಿ ಅಗಲದ ಗೋಡೆ ಇಪ್ಪತ್ತು ಅಡಿ ದೂರದಲ್ಲಿ ಬಿಸಿಲಿಗೆ ಬೆಳಗುತ್ತಿದೆ ಎಂದರೆ ಬೆಳಕಿನ ಮೂಲ ಐವತ್ತು ಡಿಗ್ರಿಗೂ ಹೆಚ್ಚು ಅಗಲವಾಯಿತು. ಅದು ಮುಖವನ್ನು ಹಲವು ದಿಕ್ಕಿನಿಂದ ಒಟ್ಟಿಗೇ ತಲುಪುತ್ತದೆ. ಗೋಡೆಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬಿಳಿ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಹೊಸದಾಗಿ ಹಾಕಿದ ಡಾಂಬರು ನೂರಕ್ಕೆ ಐದನ್ನು ಕಳಿಸಿದರೆ ಹೆಚ್ಚು. ಆದ್ದರಿಂದ ಬೀದಿಗೆ ಕಾಲಿಟ್ಟ ಕೂಡಲೇ ನೋಡಬೇಕಾದದ್ದು ಯಾವ ಗೋಡೆ ಬಿಳಿ, ಯಾವ ಷಟರಿಗೆ ಹೊಸ ಬಣ್ಣ, ಎಲ್ಲಿ ಬಟ್ಟೆಯ ದೊಡ್ಡ ಬ್ಯಾನರ್ ಕಟ್ಟಿದ್ದಾರೆ ಎಂಬುದನ್ನು. ಅಂಗೈಯನ್ನು ಮುಖದ ಮುಂದೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿ. ಅಂಗೈ ಯಾವಾಗ ಚೆನ್ನಾಗಿ ಬೆಳಗುತ್ತದೋ ಆಗ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬರುತ್ತಿದೆ. ಇದಕ್ಕೆ ಯಾವ ಮೀಟರೂ ಬೇಡ.

ಇದನ್ನೆಲ್ಲ ಒಂದೇ ಜಾಗದಲ್ಲಿ ನೋಡಬೇಕೆಂದರೆ ವಾರದ ದಿನ ಚಿಕ್ಕಪೇಟೆಯ ಯಾವುದಾದರೂ ಸೀರೆ ಅಂಗಡಿಯ ಬಾಗಿಲ ಬಳಿ ನಿಲ್ಲಿ. ಒಳಗೆ ಗಾದಿಯ ಮೇಲೆ ಕೂತು ಹತ್ತಾರು ಸೀರೆ ಬಿಚ್ಚಿಸಿದ ಮೇಲೆ ಒಬ್ಬ ಹೆಂಗಸು ಎದ್ದು, “ಆಚೆ ಬೆಳಕಿಗೆ ತನ್ನಿ ಅಣ್ಣಾ, ಟ್ಯೂಬ್‌ಲೈಟಲ್ಲಿ ಬಣ್ಣ ಗೊತ್ತಾಗಲ್ಲ” ಅನ್ನುತ್ತಾಳೆ. ಅಂಗಡಿಯವನು ಸೆರಗಿನ ಭಾಗವನ್ನು ಮುಂಗೈ ಮೇಲೆ ಹರಡಿಕೊಂಡು ಹೊಸ್ತಿಲವರೆಗೆ ಬರುತ್ತಾನೆ. ಎದುರು ಕಟ್ಟಡಕ್ಕೆ ಬಿದ್ದ ಬಿಸಿಲು ರಸ್ತೆ ದಾಟಿ ಆ ಸೀರೆಯ ಮೇಲೆ ಬೀಳುತ್ತದೆ, ಅಲ್ಲಿಂದ ಎದ್ದು ಬಾಗಿ ನೋಡುತ್ತಿರುವ ಆಕೆಯ ಗಲ್ಲಕ್ಕೆ ಹತ್ತುತ್ತದೆ. ಸೀರೆ ಕುಂಕುಮ ಬಣ್ಣದ್ದಾದರೆ ಗಲ್ಲದ ಕೆಳಗೆ, ಕತ್ತಿನ ಮಡಿಕೆಗಳಲ್ಲಿ ಕೆಂಪು. ಅಂಗಡಿಯವನು ಮಡಿಕೆ ಹೊರಳಿಸಿ ಜರಿಯ ಅಂಚನ್ನು ಮುಂದಕ್ಕೆ ತಂದರೆ ಆ ಕೆಂಪಿನ ಮೇಲೆ ಹೊಂಬಣ್ಣದ ಚುಕ್ಕಿಗಳು ಅದುರುತ್ತವೆ. ಆಕೆ ತಲೆಯೆತ್ತಿ ಜೊತೆಗೆ ಬಂದ ತಂಗಿಯ ಮುಖ ನೋಡುತ್ತಾಳೆ. ತಂಗಿಗೆ ಒಪ್ಪಿಗೆಯಿಲ್ಲ, ಹುಬ್ಬು ಗಂಟಿಕ್ಕಿದೆ. ಆ ಹುಬ್ಬು ಕಾಣುವುದು ತಂಗಿಯ ಮುಖಕ್ಕೂ ಅದೇ ಗೋಡೆಯ ಬೆಳಕು ಬಿದ್ದಿರುವುದರಿಂದ. ಒಂದು ಹೆಜ್ಜೆ ಒಳಗೆ ನಿಂತಿದ್ದರೆ ಈ ಮಾತುಕತೆ ಕತ್ತಲಲ್ಲಿ ಕಳೆದುಹೋಗುತ್ತಿತ್ತು. ಒಂದು ಹೆಜ್ಜೆ ಹೊರಗೆ ಬಿಸಿಲಿಗೆ ಬಂದಿದ್ದರೆ ಇಬ್ಬರೂ ಕಣ್ಣು ಕಿರಿದು ಮಾಡಿಕೊಳ್ಳುತ್ತಿದ್ದರು. ಹೊಸ್ತಿಲಿನ ಆ ಮೂರಡಿ ಜಾಗ ನಮ್ಮ ಪೇಟೆಯ ಅತ್ಯುತ್ತಮ ಸ್ಟುಡಿಯೋ ಎಂದು ನಾನು ನಂಬಿದ್ದೇನೆ.

ಮರುಬೆಳಕು ತಾನು ತಾಗಿ ಬಂದ ವಸ್ತುವಿನ ಬಣ್ಣವನ್ನೂ ಹೊತ್ತು ತರುತ್ತದೆ. ಕೆ.ಆರ್. ಮಾರುಕಟ್ಟೆಯಲ್ಲಿ ಚೆಂಡು ಹೂವಿನ ರಾಶಿಯ ಮೇಲೆ ಬಾಗಿ ಮಾರು ಅಳೆಯುವವನ ಮುಖಕ್ಕೆ ಕೆಳಗಿನಿಂದ ಹಳದಿ ಬೆಳಕು. ಹಾದು ಬಂದ ಬೆಳಕೂ ಹಾಗೆಯೇ: ನೀಲಿ ಟಾರ್ಪಾಲಿನ ಕೆಳಗೆ ಕೂತ ಸೊಪ್ಪಿನ ಅಜ್ಜಿಯ ಬಿಳಿ ಕೂದಲು ನೀಲಿ. ಟೊಮೆಟೊ ಮಾರುವವರು ಕೆಂಪು ಹಾಳೆಯನ್ನೇ ತಲೆಯ ಮೇಲೆ ಕಟ್ಟಿಕೊಂಡಿರುವುದನ್ನು ನೀವೂ ನೋಡಿರಬಹುದು. ಹಣ್ಣಿನ ಬಣ್ಣ ಏರಿಸಿ ತೋರಿಸುವ ಆ ವಿದ್ಯೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಇಂಥ ಕಡೆ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ. ಅದು ಹಳದಿಯನ್ನು ಕಂಡ ಕೂಡಲೇ ದೋಷವೆಂದು ತಿಳಿದು ತೊಳೆದುಹಾಕುತ್ತದೆ. ಡೇಲೈಟ್‌ಗೆ, ಅಂದರೆ 5,200ರಿಂದ 5,500 ಕೆಲ್ವಿನ್‌ಗೆ ನಿಲ್ಲಿಸಿ ಮರೆತುಬಿಡಿ. ಹೂವಿನವನ ಗಲ್ಲದ ಹಳದಿ ಉಳಿಯಬೇಕು. ಅದು ಆತನ ಕೆಲಸದ ಬಣ್ಣ.

ಈ ಬೆಳಕಿಗೆ ನಮ್ಮ ನಾಡಿನಲ್ಲೇ ಒಬ್ಬ ದೊಡ್ಡ ಗುರು ಇದ್ದರು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋಗಿ ಗುರುದತ್ ಅವರ ಕಣ್ಣಾದವರು. 1959ರ ‘ಕಾಗಜ್ ಕೇ ಫೂಲ್’ ಚಿತ್ರದ ಒಂದು ಹಾಡಿನಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬಿಸಿಲುಕೋಲನ್ನು ಸಿನಿಮಾ ನೋಡುವವರೆಲ್ಲ ಬಲ್ಲರು. ಸ್ಟುಡಿಯೋದ ದೀಪಗಳಿಂದ ಅಂಥ ಒಂದೇ ನೇರದ ಕೋಲು ಸಿಗದೆ, ಅವರು ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಗೆ ತಾಗಿಸಿ ಒಳಕ್ಕೆ ತಂದರು. ಅಂದರೆ ಹಿಂದಿ ಸಿನಿಮಾದ ಅತ್ಯಂತ ಹೆಸರುವಾಸಿ ಬೆಳಕು ಮೈಸೂರಿನವರೊಬ್ಬರು ಹಿಡಿದು ತಂದ ಮರುಬೆಳಕು. ಆ ಹಾಡನ್ನು ಮತ್ತೆ ನೋಡಿ. ಬಿಸಿಲುಕೋಲಿನ ಸೊಬಗಿಗೆ ಮನಸೋತು ಅವರು ಅಲ್ಲೇ ನಿಲ್ಲಲಿಲ್ಲ. ವಹೀದಾ ರೆಹಮಾನ್ ಮತ್ತು ಗುರುದತ್ ಅವರ ಮುಖಗಳ ಬಳಿ ಹೋದರು. ಕೋಲು ನೆನಪಿನಲ್ಲಿ ಉಳಿದಿರುವುದು ಆ ಮುಖಗಳ ಸಂಕಟದಿಂದಾಗಿ. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಕ್ಯಾಮೆರಾ ಹಿಡಿದವರು ಅವರೇ.

‘ಕಾಗಜ್ ಕೇ ಫೂಲ್’ಗೆ ಮೂರು ವರ್ಷ ಮೊದಲು ಕಲ್ಕತ್ತೆಯಲ್ಲಿ ಛಾಯಾಗ್ರಾಹಕ ಸುಬ್ರತ ಮಿತ್ರ ಇದೇ ದಾರಿಯ ಇನ್ನೊಂದು ತುದಿಯನ್ನು ಹಿಡಿದಿದ್ದರು. ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ಗಾಗಿ ಕಾಶಿಯ ಮನೆಯೊಂದರ ಒಳಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಬೇಕಾಯಿತು. ಸುತ್ತಲೂ ಎತ್ತರದ ಗೋಡೆಗಳು, ಮೇಲೊಂದು ಚೌಕ ಆಕಾಶ. ಅಲ್ಲಿ ಬೆಳಕು ಇರುತ್ತದೆ, ನೆರಳಿನ ಗೆರೆ ಇರುವುದಿಲ್ಲ. ನಮ್ಮ ತೊಟ್ಟಿ ಮನೆಗಳ ಬೆಳಕೂ ಅದೇ ಜಾತಿಯದು. ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು ಕಟ್ಟಿ, ದೀಪಗಳನ್ನು ಕೆಳಗಿನಿಂದ ಅದರತ್ತ ತಿರುಗಿಸಿ, ತಾಗಿ ಇಳಿದ ಬೆಳಕಿನಲ್ಲಿ ಚಿತ್ರೀಕರಿಸಿದರು. ಇಂದು ಸಿನಿಮಾ ಸೆಟ್ಟಿನಲ್ಲಿ ಲೈಟ್‌ಮ್ಯಾನ್‌ಗಳು ಥರ್ಮೋಕೋಲ್ ಹಲಗೆ ಹಿಡಿದು “ಬೌನ್ಸ್” ಎನ್ನುವಾಗ ಮಾಡುವುದು ಅದನ್ನೇ. ನಿಮಗೆ ಬಟ್ಟೆ ಕಟ್ಟುವ ಕೆಲಸವೂ ಇಲ್ಲ. ಪೇಟೆಯ ಓಣಿ ಆ ಅಂಗಳವನ್ನು ದಿನವೂ ಕಟ್ಟಿಕೊಡುತ್ತದೆ.

ಇನ್ನು ಹೊಳೆಯುವ ಚುಕ್ಕೆಗಳ ಮಾತು. ಗೋಡೆಯ ಬೆಳಕು ಹರಡಿಕೊಂಡು ಬರುತ್ತದೆ. ಗಾಜು, ಕನ್ನಡಿ, ಸ್ಟೀಲು ಅದನ್ನು ಕಟ್ಟು ಕಟ್ಟಿ ಕಳಿಸುತ್ತವೆ. ಪಾತ್ರೆ ಅಂಗಡಿಯ ಮುಂದೆ ಹಗ್ಗಕ್ಕೆ ಪೋಣಿಸಿ ತೂಗುಹಾಕಿದ ಸ್ಟೀಲ್ ಕೊಡಗಳು ಬಿಸಿಲು ತಾಗಿದ ಕೂಡಲೇ ಎದುರು ಗೋಡೆಯ ತುಂಬ ಬೆಳಕಿನ ಬಳೆಗಳನ್ನು ಎಸೆಯುತ್ತವೆ. ಗಾಳಿಗೆ ಕೊಡ ಓಲಾಡಿದರೆ ಬಳೆಗಳು ಜನರ ಮೈಮೇಲೆ ಹರಿದಾಡುತ್ತವೆ. ತಿರುವಿನಲ್ಲಿ ಬಿಎಂಟಿಸಿ ಬಸ್ಸು ತಿರುಗುವಾಗ ಮುಂದಿನ ಗಾಜಿನಿಂದ ಹೊರಟ ಬೆಳಕು ಒಂದೆರಡು ಸೆಕೆಂಡಿನಲ್ಲಿ ಇಡೀ ಅಂಗಡಿ ಸಾಲನ್ನು ಒರೆಸಿಕೊಂಡು ಹೋಗುತ್ತದೆ. ಬಸ್ಸನ್ನು ನೋಡುತ್ತಾ ನಿಂತರೆ ಅದು ಸಿಗುವುದಿಲ್ಲ. ಬೆಳಕು ಎಲ್ಲಿ ಹಾಯುತ್ತದೆ ಎಂಬುದನ್ನು ಮೊದಲ ಬಸ್ಸಿನಲ್ಲಿ ಗುರುತಿಸಿಕೊಂಡು, ಎರಡನೆಯದಕ್ಕೆ ಅಂಗಡಿಯ ಕಡೆಗೆ ಮುಖ ಮಾಡಿ ಸಿದ್ಧರಾಗಿರಬೇಕು.

ಗಾಜಿನ ಲೆಕ್ಕ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಸಾದಾ ಗಾಜಿನ ಒಂದೊಂದು ಮೈಯೂ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕರಷ್ಟನ್ನು ಹಿಂದಕ್ಕೆ ಕೊಡುತ್ತದೆ. ಎರಡೂ ಮೈ ಸೇರಿ ಎಂಟು. ಬಹಳ ಕಡಿಮೆ ಅನ್ನಿಸಬಹುದು. ಆದರೆ ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಅದರಲ್ಲಿ ನೂರಕ್ಕೆ ಎಂಟು ಅಂದರೆ ಎಂಟು ಸಾವಿರ. ಬಯಲಿನ ನೆರಳಿನಲ್ಲಿ ಇರುವುದೇ ಹತ್ತು ಸಾವಿರದ ಆಸುಪಾಸು. ಇಕ್ಕಟ್ಟಿನ ಓಣಿಯಲ್ಲಿ ಇನ್ನೂ ಕಡಿಮೆ. ಹಾಗಾಗಿ ಮೂರನೇ ಮಹಡಿಯ ಒಂದು ಕಿಟಕಿ ನೆರಳಿನ ಓಣಿಯೊಳಗಿನ ಒಂದು ಮುಖವನ್ನು ಸುತ್ತಲಿಗಿಂತ ಎರಡು ಪಟ್ಟು ಬೆಳಗಬಲ್ಲದು. ಕಚೇರಿ ಕಟ್ಟಡಗಳ ಲೇಪನವಿರುವ ಗಾಜು ಇನ್ನೂ ಹೆಚ್ಚು ಕಳಿಸುತ್ತದೆ. ಎಂ.ಜಿ. ರಸ್ತೆಯಲ್ಲಿ ಬಿಸಿಲೇ ಬೀಳದ ಪಾದಚಾರಿ ದಾರಿಯ ಮೇಲೆ ಉದ್ದುದ್ದ ಬೆಳಕಿನ ಚೌಕಗಳು ಕಂಡರೆ ತಲೆಯೆತ್ತಿ ನೋಡಿ, ಎದುರಿಗೆ ಅಂಥ ಗಾಜು ಇದ್ದೇ ಇರುತ್ತದೆ.

ಆ ಚೌಕಗಳ ಅಂಚು ಯಾಕೆ ಹಗುರಾಗಿ ಮಸುಕಾಗಿರುತ್ತದೆ ಎಂದು ಒಬ್ಬ ಹುಡುಗಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಸೂರ್ಯನ ಆ ಅರ್ಧ ಡಿಗ್ರಿ ಅಗಲವೇ ಕಾರಣ. ಗಾಜು ಮೂವತ್ತು ಮೀಟರ್ ದೂರವಿದ್ದರೆ ಬೆಳಕಿನ ಅಂಚು ಒಂದು ಗೇಣಿಗೂ ಮಿಕ್ಕಿ, ಸುಮಾರು 28 ಸೆಂಟಿಮೀಟರ್ ಹರಡುತ್ತದೆ. ಈ ಮೃದು ಅಂಚಿನಲ್ಲಿ ನಿಂತ ಮುಖ ನಡುವಿನಲ್ಲಿ ನಿಂತ ಮುಖಕ್ಕಿಂತ ಚೆನ್ನ. ಗಾಜು ಚಿಕ್ಕದಾಗಿದ್ದು ದೂರ ಹೆಚ್ಚಿದ್ದರೆ ಬೆಳಕಿನ ತುಂಡು ಗಾಜಿನ ಆಕಾರ ಬಿಟ್ಟು ದುಂಡಗಾಗುತ್ತದೆ, ಅಂದರೆ ಅದು ಸೂರ್ಯನದೇ ಬಿಂಬ. ಆಟೋದ ಕನ್ನಡಿಯಿಂದ ಹಾರಿ ದೂರದ ಗೋಡೆಗೆ ಬಿದ್ದ ಚುಕ್ಕೆಯನ್ನು ಗಮನಿಸಿ. 2019ರ ಡಿಸೆಂಬರ್ 26ರ ಗ್ರಹಣದ ದಿನ ಇಂಥ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದ್ದವು. ಮರದ ಕೆಳಗಿನ ಬಿಸಿಲ ಚುಕ್ಕೆಗಳೂ ಹಾಗೆಯೇ.

ಚುಕ್ಕೆ ನಿಲ್ಲುವುದಿಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಅವನ ಮರುಬೆಳಕೂ ಅಷ್ಟೇ ವೇಗದಲ್ಲಿ ತಿರುಗುತ್ತದೆ. ಮೂವತ್ತು ಮೀಟರ್ ದೂರದ ಗಾಜಿನಿಂದ ಬಂದ ಬೆಳಕು ಎರಡು ನಿಮಿಷಕ್ಕೆ ಒಂದು ಗೇಣು ಜಾರುತ್ತದೆ. ಕಾಫಿ ಕುಡಿದು ಬರುವಷ್ಟರಲ್ಲಿ ನೀವು ಗುರುತಿಟ್ಟ ಜಾಗದಿಂದ ಅದು ಹೊರಟಿರುತ್ತದೆ. ಬದಲಿಗೆ, ಅದು ಎತ್ತ ಸಾಗುತ್ತಿದೆ ಎಂದು ನೋಡಿ ಮುಂದೆ ಹೋಗಿ ನಿಲ್ಲಿ. ಇನ್ನು ಹತ್ತು ನಿಮಿಷಕ್ಕೆ ಅದು ಬೀಗ ರಿಪೇರಿಯವನ ಕೈಗೆ ಬರುತ್ತದೆ, ಆಮೇಲೆ ಮುಖಕ್ಕೆ ಏರುತ್ತದೆ ಎಂದು ಗೊತ್ತಾದರೆ ಆ ಹತ್ತು ನಿಮಿಷ ಅವನ ಜೊತೆ ಮಾತಾಡಬಹುದು.

ಕಪ್ಪು ಆಕಾರದ ಚಿತ್ರಗಳ ಮೋಹ ಎಲ್ಲಿಂದ ಬಂತೆಂಬುದೂ ನನಗೆ ಗೊತ್ತು. ನೀವು ಮೆಚ್ಚುವವರನ್ನೇ ನಾನೂ ಮೆಚ್ಚುತ್ತೇನೆ. ಹಾಂಗ್‌ಕಾಂಗಿನ ಫಾನ್ ಹೋ ಅವರ 1954ರ ‘ಅಪ್ರೋಚಿಂಗ್ ಶ್ಯಾಡೋ’ ನಿಮ್ಮಲ್ಲಿ ಅನೇಕರ ಫೋನಿನಲ್ಲಿದೆ. ಬಿಳಿ ಗೋಡೆಯ ಬುಡದಲ್ಲಿ ನಿಂತಾಕೆ ಅವರ ಸೋದರ ಸಂಬಂಧಿ, ಅವರೇ ನಿಲ್ಲಿಸಿದ್ದು. ಗೋಡೆಯನ್ನು ಓರೆಯಾಗಿ ಸೀಳುವ ಆ ನೆರಳನ್ನು ಡಾರ್ಕ್‌ರೂಮಿನಲ್ಲಿ ಸೇರಿಸಿದ್ದು. ಇದರಿಂದ ಆ ಚಿತ್ರದ ಬೆಲೆ ಕಡಿಮೆಯಾಗುವುದಿಲ್ಲ. ಆದರೆ ಬೀದಿಯಲ್ಲಿ ಗಂಟೆಗಟ್ಟಲೆ ಕಾದರೂ ಅದು ನಿಮಗೆ ಸಿಗದಿರುವುದಕ್ಕೆ ನಿಮ್ಮ ದೋಷವೇನೂ ಇಲ್ಲ. ಆಸ್ಟ್ರೇಲಿಯಾದ ಟ್ರೆಂಟ್ ಪಾರ್ಕ್ ಸಿಡ್ನಿಯ ಪ್ರಖರ ಬೆಳಕಿನಲ್ಲಿ ಜನರನ್ನು ಕಪ್ಪಾಗಿಯೂ ಉರಿಬಿಳುಪಾಗಿಯೂ ಮಾಡಿ ತೋರಿಸಿದ್ದು, ಆ ಊರಿನಲ್ಲಿ ತಮ್ಮನ್ನು ಕಾಡಿದ ಒಂಟಿತನವನ್ನು ಹೇಳಲು. ನಮ್ಮ ಅಕ್ಕಿಪೇಟೆಯ ಕಥೆ ಒಂಟಿತನವೇ? ಅಲ್ಲಿ ಒಬ್ಬರ ಹೆಗಲಿಗೆ ಇನ್ನೊಬ್ಬರ ಹೆಗಲು ತಾಗಿಯೇ ದಾರಿ ಸಾಗುವುದು.

ಹತ್ತಿರದ ಮಾದರಿಗಳು ಬೇರೆ ಇವೆ. ಅಮೆರಿಕದ ಅಲೆಕ್ಸ್ ವೆಬ್ ಉಷ್ಣವಲಯದ ಊರುಗಳಲ್ಲಿ ತೆಗೆದು 1986ರಲ್ಲಿ ಪ್ರಕಟಿಸಿದ ‘ಹಾಟ್ ಲೈಟ್/ಹಾಫ್-ಮೇಡ್ ವರ್ಲ್ಡ್ಸ್’ ಪುಸ್ತಕದಲ್ಲಿ ಕಡುನೆರಳು ಧಾರಾಳವಾಗಿದೆ. ಆದರೆ ಆ ನೆರಳಿನ ಪಕ್ಕದಲ್ಲೇ ಬಣ್ಣದ ಗೋಡೆಯ ಬೆಳಕಿನಲ್ಲಿ ಜನ ಜನರಾಗಿಯೇ ಇದ್ದಾರೆ. ನ್ಯೂಯಾರ್ಕಿನ ಸಾಲ್ ಲೈಟರ್ ತಮ್ಮ ಮನೆಯ ಸುತ್ತಮುತ್ತಲಿನ ಬೀದಿಗಳನ್ನೇ ದಶಕಗಳ ಕಾಲ ಮಂಜು ಕಟ್ಟಿದ ಗಾಜಿನಲ್ಲಿ, ಅಂಗಡಿ ಕನ್ನಡಿಗಳಲ್ಲಿ ನೋಡಿದರು. ನಮ್ಮವರೇ ಆದ ರಘುಬೀರ್ ಸಿಂಗ್ ಅಂಬಾಸಿಡರ್ ಕಾರಿನ ಗಾಜು, ಕನ್ನಡಿ, ತೆರೆದ ಬಾಗಿಲುಗಳ ನಡುವೆ ಇಡೀ ದೇಶವನ್ನು ಜೋಡಿಸಿ ತೋರಿಸಿದ ‘ಎ ವೇ ಇಂಟು ಇಂಡಿಯಾ’, ಅವರು ತೀರಿಕೊಂಡ ಮೇಲೆ 2002ರಲ್ಲಿ ಬಂತು. ಸಿಕ್ಕರೆ ಬಿಡಬೇಡಿ.

ಮಧ್ಯಾಹ್ನದ ಬಿಸಿಲಲ್ಲಿ ಕ್ಯಾಮೆರಾ ಒಳಗಿಡಬೇಕೆಂಬ ಉಪದೇಶವನ್ನೂ ಸ್ವಲ್ಪ ಪರೀಕ್ಷಿಸಿ ನೋಡೋಣ. ನಾವು ಓದುವ ಪುಸ್ತಕಗಳಲ್ಲಿ ಬಹುಪಾಲು ಉತ್ತರದ ದೇಶಗಳವು. ಡಿಸೆಂಬರಿನ ನಡುಹಗಲಲ್ಲಿ ಲಂಡನ್ನಿನ ಸೂರ್ಯ ದಿಗಂತದಿಂದ 15 ಡಿಗ್ರಿ ಮಾತ್ರ ಏರಿರುತ್ತಾನೆ; ಅದೇ ಹೊತ್ತಿಗೆ ಬೆಂಗಳೂರಿನಲ್ಲಿ 53 ಡಿಗ್ರಿ ದಾಟಿರುತ್ತಾನೆ. ಅಲ್ಲಿ ದಿನವಿಡೀ ಸಿಗುವ ಓರೆ ಬೆಳಕು ನಮಗೆ ಬೆಳಿಗ್ಗೆ, ಸಂಜೆ ಒಂದೊಂದು ಗಂಟೆ ಸಿಕ್ಕರೆ ಹೆಚ್ಚು. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದಲ್ಲಂತೂ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೇ ಬಂದು ಕಂಬಗಳಿಗೆ ನೆರಳೇ ಇರುವುದಿಲ್ಲ. ಹಾಗೆಂದು ಬೆಳಕು ಕೆಟ್ಟಿತೆಂದಲ್ಲ, ನೆಲಕ್ಕೆ ಇಳಿದು ಅಲ್ಲಿಂದ ಏಳುತ್ತಿದೆ ಅಷ್ಟೆ. ಬಿಳಿ ಗೋಣಿಚೀಲದ ಮೇಲೆ ಬೆಳ್ಳುಳ್ಳಿ ಹರಡಿಕೊಂಡು ಛತ್ರಿಯ ಕೆಳಗೆ ಕೂತವಳನ್ನು ಮಧ್ಯಾಹ್ನ ಹನ್ನೆರಡೂವರೆಗೆ ನೋಡಿ. ಛತ್ರಿ ನೇರ ಬಿಸಿಲನ್ನು ತಡೆದಿದೆ. ಛತ್ರಿಯಾಚೆ ಚಾಚಿದ ಚೀಲದ ಮೇಲೆ ಬಿದ್ದ ಬಿಸಿಲು ಕೆಳಗಿನಿಂದ ಎದ್ದು ಕಣ್ಣಿನ ಗುಳಿ, ಮೂಗುತಿ, ಬಾಯಿಯ ಸುತ್ತಲಿನ ಸುಕ್ಕು ಎಲ್ಲವನ್ನೂ ತುಂಬಿದೆ. ಸಂಜೆಯ ಹೊಂಬಿಸಿಲಿನಲ್ಲೂ ಅವಳ ಮುಖ ಅಷ್ಟು ಸ್ಪಷ್ಟವಾಗಿ ಕಾಣದು.

ಮುಖ ಅಂದೆ, ಬಣ್ಣದ ಮಾತನ್ನೂ ಬಿಡುವಂತಿಲ್ಲ. ಕಲರ್ ಫಿಲ್ಮಿನ ಕಾಲದಲ್ಲಿ ಲ್ಯಾಬುಗಳು ಬಣ್ಣ ಸರಿಹೊಂದಿಸಲು ಬಳಸುತ್ತಿದ್ದ ಕೊಡಾಕ್‌ನ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಚಿತ್ರ. ಆ ಅಳತೆಯಲ್ಲಿ ಕಪ್ಪು, ಕಂದು ಚರ್ಮಕ್ಕೆ ಜಾಗವಿರಲಿಲ್ಲ. ಇಂದಿಗೂ ಕ್ಯಾಮೆರಾದ ಮೀಟರ್ ಎಲ್ಲವನ್ನೂ ನೂರಕ್ಕೆ 18ರಷ್ಟು ಬೆಳಕು ಮರಳಿಸುವ ಬೂದು ಬಣ್ಣವೆಂದೇ ಎಣಿಸುತ್ತದೆ. ಬಿಳಿ ಗೋಡೆಯ ಮುಂದೆ ಕಂದು ಮುಖದವರು ನಿಂತರೆ ಗೋಡೆಯನ್ನು ಬೂದು ಮಾಡಲು ಹೋಗಿ ಮುಖವನ್ನು ಕಪ್ಪು ಮಾಡುತ್ತದೆ. ಕಂದು ಚರ್ಮದ ಚೆಲುವಿರುವುದು ಮೇಲ್ಮೈಯ ಹೊಳಪಿನಲ್ಲಿ. ಬೆವರಿದ ಹಣೆ, ಎಣ್ಣೆ ಹಚ್ಚಿದ ಕೂದಲು, ಕೆನ್ನೆಯ ಏಣು ಎದುರಿನ ಬಿಳಿ ಗೋಡೆಯನ್ನು ತಮ್ಮೊಳಗೆ ಹಿಡಿದುಕೊಂಡಾಗ ಮುಖಕ್ಕೆ ಆಕಾರ ಬರುತ್ತದೆ. ಹಮಾಲಿಯೊಬ್ಬನನ್ನು ಬರೀ ಕಪ್ಪು ಆಕಾರವಾಗಿ ತೋರಿಸಿದಾಗ ನನಗೆ ನೋವಾಗುವುದು ಇದಕ್ಕೇ. ಅವನನ್ನು ಹಾಗೆ ನೋಡದವರೇ ಈ ಊರಿನಲ್ಲಿ ಕಡಿಮೆ. ನೀವೂ ಆ ಸಾಲಿಗೆ ಸೇರಬಾರದು.

ಎಕ್ಸ್‌ಪೋಷರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಗೊತ್ತಿದೆ. ಬಿಸಿಲಿಗೂ ಬಯಲು ನೆರಳಿಗೂ ಮೂರು ಸ್ಟಾಪ್ ಅಂತರ, ಅಂದರೆ ಎಂಟು ಪಟ್ಟು. ಡಿಜಿಟಲ್ ಕ್ಯಾಮೆರಾದಲ್ಲಿ ಉರಿದುಹೋದ ಬಿಳುಪು ಮತ್ತೆ ಬಾರದು, ನೆರಳಿನಲ್ಲಿ ಮಾತ್ರ ಬಹಳಷ್ಟು ಉಳಿದಿರುತ್ತದೆ. ಹೊಳೆಯುವ ಚುಕ್ಕೆ ಮುಖದ ಮೇಲೇ ಇದ್ದರೆ ಅಳತೆ ಅದಕ್ಕೆ. ಮುಖ ಮರುಬೆಳಕಿನಲ್ಲಿದ್ದು ಹಿಂದೆ ಬಿಸಿಲ ಗೋಡೆ ಇದ್ದರೆ ಅಳತೆ ಮುಖಕ್ಕೆ. ಗೋಡೆ ಬೆಳ್ಳಗೆ ಹೋಗಲಿ. ಫೋನಿನಲ್ಲಿ ತೆಗೆಯುವವರು ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಚೂರು ಕೆಳಕ್ಕೆ ಎಳೆಯಿರಿ. ಇಲ್ಲದಿದ್ದರೆ ಫೋನು ಹಲವು ಚಿತ್ರಗಳನ್ನು ಬೆರೆಸಿ ನೆರಳು, ಬೆಳಕು ಎರಡನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ.

ಒಂದು ಕಡೆ ಮಾತ್ರ ಕಟ್ಟುನಿಟ್ಟಾಗಿರಿ. ಕಣ್ಣು ಮೊದಲು ಓಡುವುದು ಚೌಕಟ್ಟಿನಲ್ಲಿ ಅತಿ ಬೆಳ್ಳಗಿರುವ ಜಾಗಕ್ಕೆ. ನೀವು ಮುಖಕ್ಕಾಗಿ ಅಷ್ಟು ಕಾದು, ಮೂಲೆಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಕವರು, ಉರಿಯುವ ಟ್ಯೂಬ್‌ಲೈಟು, ಸ್ಕೂಟರ್ ಕನ್ನಡಿಯ ಹೊಳಪು ಉಳಿಸಿಕೊಂಡರೆ ನೋಡುವವರು ಅಲ್ಲಿಗೆ ಹೋಗುತ್ತಾರೆ. ಕಂಪ್ಯೂಟರಿನಲ್ಲಿ ಅಳಿಸಿದರಾಯಿತು ಅನ್ನಬೇಡಿ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಕಂಬವೋ ಯಾರದೋ ಭುಜವೋ ಅದನ್ನು ಮುಚ್ಚುತ್ತದೆ. ಗಾಜಿನ ಮೇಲಿನ ಹೊಳಪು ತೊಂದರೆ ಕೊಟ್ಟರೆ ಪೋಲರೈಸರ್ ಇದೆ. ಸ್ಟೀಲು, ಹಿತ್ತಾಳೆಯ ಹೊಳಪಿಗೆ ಅದು ನಾಟುವುದಿಲ್ಲ. ಅಲ್ಲಿ ನೀವೇ ಜಾಗ ಬದಲಿಸಬೇಕು.

ನಿಮ್ಮಲ್ಲಿ ಕೆಲವರು ಒಂದು ಗಟ್ಟಿ ಮಾತು ಹೇಳಿದ್ದೀರಿ: ಕಪ್ಪು ಆಕಾರದಲ್ಲಿ ಮನುಷ್ಯನ ಗುರುತು ಸಿಗುವುದಿಲ್ಲ, ಹಾಗಾಗಿ ಅವರ ಖಾಸಗಿತನ ಉಳಿಯುತ್ತದೆ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮುಖ ಬೇಡವೆಂದವರ ಮುಖ ಬೇಡ. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆದರೆ ಕೇಳದೆಯೇ ಬೇಡವೆಂದು ನಾವೇ ತೀರ್ಮಾನಿಸುವುದು ಸರಿಯಲ್ಲ. ಗೋಡೆಯ ಮರುಬೆಳಕು ಬಸ್ಸಿನ ಗಾಜಿನ ಬೆಳಕಿನಂತೆ ಓಡಿಹೋಗುವುದಿಲ್ಲ, ಗಂಟೆಗಟ್ಟಲೆ ಇರುತ್ತದೆ. “ಅಣ್ಣಾ, ಒಂದು ಫೋಟೋ ತೆಗೀಲಾ?”, “ಅಮ್ಮಾ, ಇಲ್ಲೇ ಸ್ವಲ್ಪ ಹೊತ್ತು ಕೂತ್ಕೊಳ್ಲಾ?” ಎಂದು ಕೇಳುವಷ್ಟು ಸಮಯ ಖಂಡಿತ ಇದೆ. ಕೇಳಿದ ಕೂಡಲೇ ನೆಟ್ಟಗೆ ನಿಂತುಬಿಡುತ್ತಾರೆ, ಸಹಜತೆ ಹೋಗುತ್ತದೆ ಎನ್ನುತ್ತೀರಿ. ಮೊದಲ ಚಿತ್ರಕ್ಕೆ ನಿಲ್ಲುತ್ತಾರೆ, ನಿಲ್ಲಲಿ, ಅದನ್ನೂ ತೆಗೆಯಿರಿ. ಆಮೇಲೆ ಗಿರಾಕಿ ಬರುತ್ತಾರೆ, ಚಿಲ್ಲರೆಗೆ ಜಗಳವಾಗುತ್ತದೆ, ನೀವು ಅಲ್ಲಿರುವುದೇ ಅವರಿಗೆ ಮರೆತುಹೋಗುತ್ತದೆ. ಬೆಳಕು ಇನ್ನೂ ಅಲ್ಲೇ ಇರುತ್ತದೆ. ಮುಖಕ್ಕೆ ಬೆಳಕು ಬೇಕೆಂದು ಯಾರ ಕಣ್ಣಿಗೂ ಕನ್ನಡಿ ಹಿಡಿಯಬೇಡಿ. ಗಾಡಿ ಓಡಿಸುವವರಿರುತ್ತಾರೆ, ತಲೆಯ ಮೇಲೆ ಮೂಟೆ ಇರುವವರಿರುತ್ತಾರೆ.

ಮುಂದಿನ ಪ್ರದರ್ಶನಕ್ಕೆ ಚಿತ್ರಗಳನ್ನು ಆರಿಸಲು ಕೂತಾಗ ಕಪ್ಪು ಆಕಾರದ ಚಿತ್ರಗಳನ್ನು ಒಂದು ಪಕ್ಕಕ್ಕೆ ತೆಗೆದಿಡಿ. ಮುಖ ಕಾಣುವ ಚಿತ್ರಗಳಿಂದ ಆಯ್ಕೆ ಶುರುಮಾಡಿ. ಪ್ರತಿ ಚಿತ್ರದ ಒಂದು ಪ್ರಿಂಟ್ ಹೆಚ್ಚಿಗೆ ಹಾಕಿಸಿ, ಅದರಲ್ಲಿರುವವರಿಗೆ ಕೊಟ್ಟು ಬನ್ನಿ. ಪ್ರದರ್ಶನದ ಮೊದಲ ದಿನಕ್ಕೆ ಅವರನ್ನೂ ಕರೆಯಿರಿ.

ನಿಮ್ಮವ,
ಪೇಟೆಯ ಬೀದಿಗಳ ಹಳೆಯ ಪರಿಚಯಸ್ಥ